ಓತಿಕ್ಯಾತ ಕೆಂಪಾಗುವುದೇಕೆ?

ಮುಂಗಾರಿನ ಮೊದಲ ಮಳೆ ಬಿದ್ದ ಮರುದಿನ. ದಂಡು ಪ್ರದೇಶದ ನಮ್ಮ ಶಾಲೆಯ ಕಾಂಪೌಂಡ್ ಬಳಿ ಏಳನೇ ತರಗತಿಯ ಹುಡುಗರು ಓತಿಕ್ಯಾತವೊಂದಕ್ಕೆ ಕಲ್ಲು ಹೊಡೆಯುತ್ತಿದ್ದರು. "ಸಾರ್, ಕತ್ತು ನೋಡಿ! ರಕ್ತ ಹೀರ್ತಾ ಇದೆ!" ಎಂದ ಒಬ್ಬ. ಈ ನಂಬಿಕೆ ಹಳೆಯದು. ಇಂಗ್ಲಿಷಿನಲ್ಲಿ ಈ ಬಡಪ್ರಾಣಿಗೆ 'ಬ್ಲಡ್ ಸಕ್ಕರ್' ಎಂದೇ ಹೆಸರು. ಆದರೆ ಅದು ರಕ್ತ ಕುಡಿಯುವುದಿಲ್ಲ. ಹುಳುಹುಪ್ಪಟೆ ತಿಂದು ನಮಗೆ ಉಪಕಾರವನ್ನೇ ಮಾಡುತ್ತದೆ. ಸಂತಾನದ ಕಾಲ ಬಂದಾಗ ಗಂಡಿನ ತಲೆ, ಕತ್ತು ಕೆಂಪೇರುತ್ತವೆ. ಅದು ಬಸ್ಕಿ ಹೊಡೆದಂತೆ ಮೈಯನ್ನು ಮೇಲೆ ಕೆಳಗೆ ಮಾಡುವುದು ಹೆಣ್ಣನ್ನು ಕರೆಯಲು, ಬೇರೆ ಗಂಡನ್ನು ಬೆದರಿಸಲು.

ಬೆಂಗಳೂರಿನ ಸುತ್ತಲ ಬಂಡೆಗಳ ಮೇಲಿರುವ ಕಲ್ಲೋತಿಯದು ಇನ್ನೂ ಸೋಜಿಗ. ಭಾರತೀಯ ವಿಜ್ಞಾನ ಸಂಸ್ಥೆಯ ಅನುರಾಧಾ ಬಟಬ್ಯಾಲ್ ಮತ್ತು ಮರಿಯಾ ಠಾಕರ್ 2017ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಗಂಡು ಕಲ್ಲೋತಿ ಹೆಣ್ಣಿನ ಎದುರು ಕೆಂಪು-ಕಪ್ಪಾಗುತ್ತದೆ. ಎದುರಾಳಿ ಗಂಡು ಬಂದರೆ ಹಳದಿ-ಕಿತ್ತಳೆಯಾಗುತ್ತದೆ. ಮಾತು ಬಾರದ ಪ್ರಾಣಿಗೆ ಮೈಯೇ ಭಾಷೆ.

ಈ ಭಾಷೆ ತಿಳಿಯದಿದ್ದರೆ ಬೀದಿಯಲ್ಲಿ ಕಲ್ಲೇಟು. ಮನೆಯೊಳಗಾದರೆ ಸಾವೇ ಬಂದೀತು. ಈಗ ನಗರದ ಕೆಲವು ಮನೆಗಳಲ್ಲಿ ಮಧ್ಯ ಮತ್ತು ದಕ್ಷಿಣ ಅಮೆರಿಕದ ಹಸಿರು ಇಗುವಾನಾ ಬೆಳೆಯುತ್ತಿದೆ. ಇಂದಿರಾನಗರದ ನನ್ನ ವಿದ್ಯಾರ್ಥಿನಿಯ ಮನೆಯಲ್ಲೂ ಒಂದಿತ್ತು. ಒಂದು ಫೆಬ್ರವರಿಯಲ್ಲಿ ಅದು ಹತ್ತು ದಿನ ಸೊಪ್ಪು ಮುಟ್ಟಲಿಲ್ಲ. ಹಗಲೆಲ್ಲ ಗೂಡಿನ ಮೂಲೆ ಕೆರೆಯುತ್ತಿತ್ತು. ಅಜೀರ್ಣವೆಂದು ಮನೆಯವರು ಔಷಧ ಹುಡುಕುತ್ತಿದ್ದರು. "ಮೊಟ್ಟೆ ಇರಬಹುದೇ?" ಎಂದೆ. "ಗಂಡೇ ಇಲ್ವಲ್ಲ ಮೇಷ್ಟ್ರೇ" ಎಂದರು ತಾಯಿ.

ಅಂಗಡಿಯಲ್ಲಿ ಸಿಗುವ ಫಾರಂ ಕೋಳಿಯ ಮೊಟ್ಟೆಗೆ ಹುಂಜ ಬೇಕೇ? ಹಾಗೆಯೇ ಹೆಣ್ಣು ಇಗುವಾನಾ ಗಂಡಿಲ್ಲದೆಯೂ ಮೊಟ್ಟೆ ಇಡಬಲ್ಲದು. ಅವು ಮರಿಯಾಗುವುದಿಲ್ಲ, ಅಷ್ಟೆ. ಪಶುವೈದ್ಯರು ಎಕ್ಸ್-ರೇ ತೆಗೆದಾಗ ಹೊಟ್ಟೆ ತುಂಬ ಮೊಟ್ಟೆ! ದೊಡ್ಡ ಟಬ್ಬಿನಲ್ಲಿ ಒದ್ದೆ ಮರಳು ತುಂಬಿ ಕೊಟ್ಟರು. ಎರಡನೇ ದಿನ ಅದು ಗುಂಡಿ ತೋಡಿ ಮೂವತ್ತಕ್ಕೂ ಹೆಚ್ಚು ಮೊಟ್ಟೆ ಇಟ್ಟಿತು. ತೋಡಲು ಜಾಗ ಸಿಗದಿದ್ದರೆ ಮೊಟ್ಟೆ ಒಳಗೇ ಸಿಕ್ಕಿಕೊಂಡು ಪ್ರಾಣಿ ಸಾಯಬಹುದು.

ಗುರುತುಗಳನ್ನು ನೆನಪಿಡಿ. ಹೆಣ್ಣಿನ ಹೊಟ್ಟೆ ಉಬ್ಬುತ್ತದೆ, ಮೇವು ಕಡಿಮೆಯಾಗುತ್ತದೆ, ಚಡಪಡಿಸುತ್ತದೆ, ನೆಲ ಕೆರೆಯುತ್ತದೆ. ಆದರೂ ಚುರುಕಾಗಿಯೇ ಇರುತ್ತದೆ. ಮಂಕಾಗಿ ಮುದುಡಿ ಕುಳಿತರೆ ಅಂದೇ ಪಶುವೈದ್ಯರ ಬಳಿ ಒಯ್ಯಿರಿ. ಗಂಡು ಪದೇ ಪದೇ ತಲೆ ಆಡಿಸುತ್ತದೆ, ಕೆಲವು ಕಿತ್ತಳೆ ಬಣ್ಣಕ್ಕೆ ತಿರುಗುತ್ತವೆ. ಆ ದಿನಗಳಲ್ಲಿ ಸಾಕಿದವರನ್ನೂ ಕಚ್ಚಬಹುದು, ಮಕ್ಕಳನ್ನು ದೂರವಿಡಿ. ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯುವುದಂತೂ ಎಲ್ಲ ಕಾಲಕ್ಕೂ ಕಡ್ಡಾಯ.

ತಂದೆತಾಯಿಯರಿಗೆ ಇನ್ನೊಂದು ಮಾತು. ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯಂತೆ ಇಗುವಾನಾ ಸಾಕುವವರು ಅದನ್ನು ನೋಂದಾಯಿಸಬೇಕು. ಮರಿ ಹುಟ್ಟಿದರೂ ಸರ್ಕಾರಕ್ಕೆ ತಿಳಿಸಬೇಕು. ನಮ್ಮ ಉಡ, ಗೋಸುಂಬೆಗಳು 1972ರ ಕಾಯ್ದೆಯ ರಕ್ಷಣೆಯಲ್ಲಿವೆ, ಹಿಡಿದು ಸಾಕುವಂತಿಲ್ಲ.

ಮಗು ಹಲ್ಲಿ ಸಾಕಬೇಕೆಂದು ಹಟ ಹಿಡಿದರೆ ಮೊದಲು ಒಂದು ಮಳೆಗಾಲ ಬೇಲಿಯ ಓತಿಕ್ಯಾತವನ್ನು ನೋಡಲು ಹೇಳಿ. ಹೆಣ್ಣು ಒದ್ದೆ ಮಣ್ಣಿನಲ್ಲಿ ಗುಂಡಿ ತೋಡಿ, ಹತ್ತಿಪ್ಪತ್ತು ಮೊಟ್ಟೆ ಇಟ್ಟು, ಮಣ್ಣು ಮುಚ್ಚಿ ಹೋಗುತ್ತದೆ. ದಿನಾಂಕ ಬರೆದಿಟ್ಟರೆ ಆರೇಳು ವಾರಗಳಲ್ಲಿ ಮರಿಗಳು ಹೊರಬರುವುದನ್ನೂ ಕಾಣಬಹುದು. ಕಲ್ಲು ಹೊಡೆಯುತ್ತಿದ್ದ ಆ ಹುಡುಗ ಈಗ ನೋಟ್‌ಬುಕ್ ಹಿಡಿದು ಕಾಂಪೌಂಡ್ ಬಳಿ ಕೂರುತ್ತಾನೆ. ಯಾರಾದರೂ ಕಲ್ಲೆತ್ತಿದರೆ ಅವನೇ ಗದರುತ್ತಾನೆ.