ಕಬಡ್ಡಿ ಸಂಘದ ಜಮಾ-ಖರ್ಚು

ದಕ್ಷಿಣ ಕನ್ನಡವಾಗಲಿ ಮಂಡ್ಯವಾಗಲಿ, ಊರಿನ ಕಬಡ್ಡಿ ಸಂಘ ಜನರ ಕಣ್ಣಿಗೆ ಬೀಳುವುದು ವರ್ಷಕ್ಕೊಮ್ಮೆ, ಹೊನಲು ಬೆಳಕಿನ ಪಂದ್ಯಾವಳಿಯ ರಾತ್ರಿ. ಫ್ಲೆಕ್ಸ್ ತುಂಬ ದಾನಿಗಳ ಹೆಸರು, ಮೈಕಿನಲ್ಲಿ ದೇಣಿಗೆಯ ಘೋಷಣೆ. ಬಂದ ದುಡ್ಡು ಶಾಮಿಯಾನ, ದೀಪ, ಊಟ, ತೀರ್ಪುಗಾರರ ಭತ್ಯೆ, ಟ್ರೋಫಿಗಳಿಗೇ ಬಹುಪಾಲು ಕರಗುತ್ತದೆ. ಮಕ್ಕಳು ಶಾಲೆ ಬಿಟ್ಟ ಮೇಲೆ ಅಭ್ಯಾಸಕ್ಕೆ ಬರುವ ಸಂಜೆಗಳ ಖರ್ಚು ಮಾತ್ರ ವರ್ಷವಿಡೀ ಖಜಾಂಚಿಯ ತಲೆಯ ಮೇಲೇ ಇರುತ್ತದೆ.

ಮ್ಯಾಟನ್ನೇ ನೋಡಿ. ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಮೀಟರ್ ಚೌಕದ ತುಂಡುಗಳಾದರೆ ಅಂಕಣಕ್ಕೇ 130 ಬೇಕು. ಅಂಚಿನ ಹಲ್ಲುಗಳು ಒಂದನ್ನೊಂದು ಕಚ್ಚಿ ಹಿಡಿದಿದ್ದರೆ ಸರಿ. ಸವೆದು ಸಂದು ಬಿಟ್ಟರೆ ಕಾಲ್ಬೆರಳು ಸಿಕ್ಕಿ ಮೊಣಕಾಲಿಗೇ ಪೆಟ್ಟು. ಬಿಸಿಲು ಮಳೆಗೆ ಬಿಡುವಂತಿಲ್ಲ, ಎತ್ತಿಡಲು ಕೋಣೆ ಬೇಕು. ಮ್ಯಾಟ್ ಕೊಂಡ ವರ್ಷದಿಂದಲೇ ಮುಂದಿನ ಮ್ಯಾಟಿಗೆಂದು ಅಷ್ಟಿಷ್ಟು ತೆಗೆದಿಡುವ ಸಂಘವನ್ನು ನಾನು ಮೆಚ್ಚುತ್ತೇನೆ. ಮ್ಯಾಟ್ ಕೊಡಿಸಲು ದಾನಿಗಳು ಹೇಗೋ ಸಿಗುತ್ತಾರೆ. ತರಬೇತುದಾರರ ತಿಂಗಳ ಗೌರವಧನಕ್ಕೆ, ಜಿಲ್ಲಾ ತಂಡದ ಆಯ್ಕೆಗೆ ಹೊರಟ ಹುಡುಗಿಯ ಬಸ್ ಚಾರ್ಜಿಗೆ ಕೈ ಬಿಚ್ಚುವವರು ವಿರಳ. ಎಷ್ಟೋ ಮಕ್ಕಳು ಆಟ ಬಿಡುವುದು ಇಲ್ಲಿಯೇ.

ಲಾಭದ ಉದ್ದೇಶವಿಲ್ಲದ ಸಂಘ ಎಂದರೆ ದುಡ್ಡು ಉಳಿಸಬಾರದು ಎಂದು ಹಲವರು ತಿಳಿದಿದ್ದಾರೆ. ಉಳಿಸಬಹುದು, ಸದಸ್ಯರು ಹಂಚಿಕೊಳ್ಳುವಂತಿಲ್ಲ ಅಷ್ಟೇ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆದು, ಲೆಕ್ಕಪರಿಶೋಧನೆಯಾದ ಜಮಾ-ಖರ್ಚನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ಇದನ್ನು ಬರೀ ಕಾಗದದ ಕೆಲಸವೆಂದು ಬಿಟ್ಟ ಸಂಘಗಳಿಗೆ ದೊಡ್ಡ ನೆರವು ದಕ್ಕುವುದಿಲ್ಲ. ಗ್ರಾಮೀಣ ಕ್ರೀಡೆಯ ತರಬೇತಿಗೆ ಕಂಪನಿಗಳು ತಮ್ಮ ಸಾಮಾಜಿಕ ಹೊಣೆಗಾರಿಕೆ (ಸಿಎಸ್‌ಆರ್) ನಿಧಿಯಿಂದ ಕೊಡಲು 2013ರ ಕಂಪನಿ ಕಾಯ್ದೆಯಲ್ಲಿ ಅವಕಾಶವಿದೆ. ಆದರೆ ಆ ಹಣದಿಂದ ಕಾರ್ಯಕ್ರಮ ನಡೆಸುವ ಸಂಘ 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ನಮೂನೆಯಲ್ಲಿ ನೋಂದಾಯಿಸಿಕೊಂಡಿರಬೇಕು. ಆದಾಯ ತೆರಿಗೆ ಇಲಾಖೆಯ ನೋಂದಣಿಯೂ ಬೇಕು.

ಸಣ್ಣ ಸಂಘಕ್ಕೆ ಎರಡು ಲೆಕ್ಕ ಸಾಕು: ಪಂದ್ಯಾವಳಿಯದೊಂದು, ತರಬೇತಿಯದೊಂದು. ಎರಡನ್ನೂ ಬೆರೆಸಿದರೆ ಟ್ರೋಫಿಯ ಎತ್ತರ ಬೆಳೆಯುತ್ತದೆ, ಮಕ್ಕಳ ಮೊಣಕಾಲು ಪಟ್ಟಿಗೆ ದುಡ್ಡಿರುವುದಿಲ್ಲ.

ಈ ಸಲ ನಿಮ್ಮೂರ ಹುಡುಗರು ರಸೀದಿ ಪುಸ್ತಕ ಹಿಡಿದು ಮನೆಗೆ ಬಂದರೆ ಬರಿಗೈಲಿ ಕಳಿಸಬೇಡಿ. ಕೊಟ್ಟದ್ದರಲ್ಲಿ ಅರ್ಧವನ್ನಾದರೂ ‘ತರಬೇತಿಗೆ’ ಎಂದು ರಸೀದಿಯಲ್ಲಿ ಬರೆಸಿ. ವಾರ್ಷಿಕ ಸಭೆಗೂ ಹೋಗಿ, ಲೆಕ್ಕ ಕೇಳಿ.