ಪರೋಪಕಾರ ಮತ್ತು ವ್ಯವಧಾನ

ವೈದ್ಯ, ಶಿಕ್ಷಕ, ಧರ್ಮಬೋಧಕ ಮೊದಲಾದವರ ವೃತ್ತಿಗಳಿಗೆ ಪರೋಪಕಾರವೇ ತಳಹದಿ. ಇಂತಹ ವೃತ್ತಿಗೆ ಶಿಕ್ಷಣ ಪಡೆಯುವ ವಿದ್ಯಾರ್ಥಿಗಳಲ್ಲಿ ಆ ಗುಣವು ತಾನಾಗಿಯೇ ನೆಲೆಗೊಳ್ಳುವುದೆಂದು ಜನರು ನಂಬುತ್ತಾರೆ. ಈ ನಂಬಿಕೆ ಎಷ್ಟರಮಟ್ಟಿಗೆ ಸತ್ಯ?

ಅಮೆರಿಕದ ಮನೋವಿಜ್ಞಾನಿಗಳಾದ ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಅವರು ಈ ಬಗೆಗೆ ನಡೆಸಿದ ಪ್ರಯೋಗದ ವಿವರಗಳು 1973ರಲ್ಲಿ ಪ್ರಕಟವಾದವು. ಪ್ರಿನ್ಸ್‌ಟನ್ ಪಟ್ಟಣದ ಕ್ರೈಸ್ತ ಧರ್ಮಶಾಸ್ತ್ರ ವಿದ್ಯಾಲಯದ 40 ವಿದ್ಯಾರ್ಥಿಗಳು ಅದರಲ್ಲಿ ಪಾಲುಗೊಂಡಿದ್ದರು. ಪಕ್ಕದ ಕಟ್ಟಡಕ್ಕೆ ಹೋಗಿ ಕಿರುಭಾಷಣ ಮಾಡುವಂತೆ ಅವರಿಗೆ ತಿಳಿಸಲಾಯಿತು. ಕೆಲವರ ವಿಷಯ ಉದ್ಯೋಗ. ಉಳಿದವರದು ಬೈಬಲ್ಲಿನ ಒಳ್ಳೆಯ ಸಮಾರ್ಯದವನ ಕಥೆ. ಗಾಯಗೊಂಡು ಬಿದ್ದವನನ್ನು ಕಂಡೂ ಪೂಜಾರಿಯು ಓರೆಯಾಗಿ ಹೋದಾಗ, ಅನ್ಯನೊಬ್ಬನು ಉಪಚರಿಸಿದ ಕಥೆಯದು. ಅವರು ನಡೆಯುವ ಓಣಿಯಲ್ಲಿ ಒಬ್ಬನು ಕುಸಿದು ಕುಳಿತು, ಕೆಮ್ಮುತ್ತ ನರಳುತ್ತಿದ್ದನು. ಅವನನ್ನು ಅಲ್ಲಿ ಕುಳ್ಳಿರಿಸಿದ್ದವರು ಪ್ರಯೋಗಕಾರರೇ.

ಸಾಕಷ್ಟು ಸಮಯವಿದೆಯೆಂದು ತಿಳಿದವರಲ್ಲಿ ಶೇಕಡಾ 63ರಷ್ಟು ಮಂದಿ ನೆರವಿಗೆ ಮುಂದಾದರು. ತುಸು ಅವಸರವಿದ್ದವರಲ್ಲಿ ಈ ಪ್ರಮಾಣ ಶೇಕಡಾ 45ಕ್ಕೆ ಇಳಿಯಿತು. ಆಗಲೇ ತಡವಾಯಿತೆಂದು ಧಾವಿಸಿದವರಲ್ಲಿ ಅದು ಶೇಕಡಾ 10 ಮಾತ್ರ! ಭಾಷಣದ ವಿಷಯದಿಂದ ಗಣನೀಯ ವ್ಯತ್ಯಾಸವೇನೂ ಕಂಡುಬರಲಿಲ್ಲ. ಕರುಣೆಯ ಕಥೆಯನ್ನು ಹೇಳಲು ಹೊರಟವರೇ ನರಳುವವನನ್ನು ದಾಟಿಹೋದುದೂ ಉಂಟು.

ಹಾಗೆಂದು ಇವರನ್ನು ಕಲ್ಲೆದೆಯವರೆನ್ನಲಾಗದು. ತಮಗಾಗಿ ಕಾದಿರುವವರನ್ನು ನಿರಾಶೆಗೊಳಿಸಬಾರದೆಂಬ ಕಾಳಜಿಯೂ ಅವರ ಆತುರಕ್ಕೆ ಕಾರಣವಾಗಿದ್ದಿರಬಹುದು. ಒಂದೇ ಪ್ರಯೋಗದಿಂದ ಎಲ್ಲ ವಿದ್ಯಾರ್ಥಿಗಳನ್ನು ಅಳೆಯುವುದೂ ಸರಿಯಲ್ಲ. ಆದರೂ ಅದು ಕಲಿಸುವ ಪಾಠ ಅಮೂಲ್ಯವಾದುದು. ನಾಳೆ ವೈದ್ಯರೋ ಶಿಕ್ಷಕರೋ ಆಗಲಿರುವವರಿಗೆ ಪರೋಪಕಾರದ ಬೋಧನೆಯೊಂದೇ ಸಾಲದು. ನೊಂದವರ ಮುಂದೆ ಒಂದು ಕ್ಷಣ ನಿಲ್ಲುವ ವ್ಯವಧಾನವೂ ಅಭ್ಯಾಸವಾಗಬೇಕು.