ಚೆನ್ನೈನ ಕ್ವಿಲ್ಟ್ ಕೂಟದಲ್ಲಿ ಕೌದಿಗೊಂದು ಜಾಗ

ಚೆನ್ನೈನಂಥ ಊರಲ್ಲಿ ಬಟ್ಟೆಯ ಪದರ ಸೇರಿಸಿ ಹೊಲಿದ ಹೊದಿಕೆ, ಕೌದಿಯಾಗಲಿ ಕ್ವಿಲ್ಟ್ ಆಗಲಿ, ಯಾರಿಗೆ ಬೇಕು ಎಂದು ಕೇಳುವವರಿದ್ದಾರೆ. ಡಿಸೆಂಬರ್ ಕೊನೆಯಲ್ಲೂ ಫ್ಯಾನ್ ತಿರುಗುತ್ತಲೇ ಇರುವ ಊರದು. ಆದರೂ 2019ರ ಜನವರಿಯಲ್ಲಿ ಮೊದಲ ಇಂಡಿಯಾ ಕ್ವಿಲ್ಟ್ ಫೆಸ್ಟಿವಲ್ ನಡೆದದ್ದು ದಿಲ್ಲಿಯಲ್ಲೂ ಅಲ್ಲ, ಚಳಿ ಬೀಳುವ ಯಾವ ಗುಡ್ಡದ ಊರಲ್ಲೂ ಅಲ್ಲ, ಚೆನ್ನೈನಲ್ಲಿ. ಅದನ್ನು ನಡೆಸಿದ್ದು ಕ್ವಿಲ್ಟ್ ಇಂಡಿಯಾ ಫೌಂಡೇಶನ್. ಅದರ ಹಿಂದೆ ಇದ್ದವರಲ್ಲಿ ಟೀನಾ ಕಟ್ವಾಲ್ ಒಬ್ಬರು. ಚೆನ್ನೈನಲ್ಲಿ ‘ದಿ ಸ್ಕ್ವೇರ್ ಇಂಚ್’ ಎಂಬ ಹೆಸರಲ್ಲಿ ಕ್ವಿಲ್ಟ್ ಕಲಿಸುವ ಜಾಗ ಮಾಡಿಕೊಂಡವರು, ‘ದೇಸಿ ಕ್ವಿಲ್ಟರ್ಸ್’ ಎಂಬ ಬಳಗ ಕಟ್ಟಿದವರು. ಮನೆಯ ಮೂಲೆಯಲ್ಲಿ ಮೆಷಿನ್ ಇಟ್ಟುಕೊಂಡು ಒಬ್ಬೊಬ್ಬರೇ ಹೊಲಿಯುತ್ತಿದ್ದ ಹೆಂಗಸರಿಗೆ ‘ನನ್ನಂಥವರು ಇಷ್ಟೊಂದು ಜನ ಇದ್ದಾರೆ’ ಎಂದು ಗೊತ್ತಾದದ್ದು ಇಂಥ ಬಳಗಗಳಿಂದ.

ಕ್ವಿಲ್ಟ್ ಹೊಲಿಯುವವರ ಕೂಟಗಳಿಗೆ ಜಗತ್ತಿನೆಲ್ಲೆಡೆ ಸುಮಾರಾಗಿ ಒಂದೇ ರೀತಿಯ ನಡಾವಳಿ. ತಿಂಗಳಿಗೊಮ್ಮೆ ಸೇರುತ್ತಾರೆ. ಮುಗಿಸಿದ್ದನ್ನು, ಅರ್ಧಕ್ಕೆ ನಿಂತದ್ದನ್ನು ಚೀಲದಲ್ಲಿ ತುಂಬಿಕೊಂಡು ಬರುತ್ತಾರೆ. ಇಬ್ಬರು ಎರಡು ತುದಿ ಹಿಡಿದು ಬಿಡಿಸಿದಾಗ ಮಿಕ್ಕವರೆಲ್ಲ ಎದ್ದು ಹತ್ತಿರ ಬರುತ್ತಾರೆ, ಮೊದಲು ಮುಂಭಾಗ ನೋಡಿ ಆಮೇಲೆ ತಿರುಗಿಸಿ ಬೆನ್ನು ನೋಡುತ್ತಾರೆ. ಹೊಲಿಯುವವರ ಕಣ್ಣು ಬೆನ್ನಿನ ಮೇಲೇ ಜಾಸ್ತಿ. ಕೈಯ ನಿಜ ಅಲ್ಲಿ ಗೊತ್ತಾಗುತ್ತದೆ. ‘ರೌಂಡ್ ರಾಬಿನ್’ ಎಂಬುದೊಂದಿದೆ: ಒಬ್ಬರು ನಡುವಿನ ಚೌಕ ಹೊಲಿದು ಕೊಡುತ್ತಾರೆ, ಅದು ಕೈಯಿಂದ ಕೈಗೆ ಹೋಗುತ್ತದೆ, ಪ್ರತಿಯೊಬ್ಬರೂ ಸುತ್ತ ಒಂದೊಂದು ಅಂಚು ಸೇರಿಸುತ್ತಾರೆ. ಅದು ಮೊದಲಿನವರಿಗೆ ವಾಪಸ್ಸು ಬಂದಾಗ ತಾವು ಎಂದೂ ಆರಿಸದ ಬಣ್ಣಗಳೊಂದಿಗೆ ಬಂದಿರುತ್ತದೆ. ನನ್ನದೇ ಬಣ್ಣ, ನನ್ನದೇ ಲೆಕ್ಕ ಎಂಬ ಹಟ ಬಿಟ್ಟವರಿಗೆ ಮಾತ್ರ ಈ ಆಟ ಒಗ್ಗುತ್ತದೆ.

ಕೆಲಸದ ಲೆಕ್ಕ ಮಾತ್ರ ಕಟ್ಟುನಿಟ್ಟು. ಮೇಲಿನ ತುಂಡುಗಳ ಪದರ, ನಡುವೆ ಬ್ಯಾಟಿಂಗ್ ಎನ್ನುವ ಹತ್ತಿಯ ಮೆತ್ತೆ, ಕೆಳಗೆ ಅಸ್ತರು, ಹೀಗೆ ಮೂರು. ತುಂಡುಗಳನ್ನು ಜೋಡಿಸುವಾಗ ಅಂಚಿನಿಂದ ಸರಿಯಾಗಿ ಕಾಲು ಇಂಚು ಬಿಟ್ಟು ಹೊಲಿಯಬೇಕು. ಪ್ರತಿ ಹೊಲಿಗೆಯಲ್ಲಿ ಇಂಚಿನ ಹದಿನಾರನೇ ಒಂದು ಭಾಗ ಹೆಚ್ಚು ಹಿಡಿದರೂ ಎರಡೂ ಕಡೆಯ ತುಂಡುಗಳು ಅಷ್ಟಷ್ಟು ಕುಗ್ಗುತ್ತವೆ. ಹತ್ತು ಹೊಲಿಗೆ ದಾಟುವಷ್ಟರಲ್ಲಿ ಒಂದು ಇಂಚಿಗೂ ಹೆಚ್ಚು ಮಾಯ. ಮೂಲೆ ಮೂಲೆಗೆ ಕೂಡುವುದಿಲ್ಲ, ನಕ್ಷತ್ರದ ತುದಿ ಮೊಂಡಾಗುತ್ತದೆ. ಬಟ್ಟೆಯನ್ನು ಮೊದಲೇ ಒಗೆದು ಬಣ್ಣ ಬಿಡುತ್ತದೆಯೇ ಎಂದು ನೋಡಿಕೊಳ್ಳುವುದೂ ಒಳ್ಳೆಯದು. ಚೆನ್ನೈಗೆ ಈ ಪಾಠ ಹೊಸದಲ್ಲ. 1958ರಲ್ಲಿ ಅಮೆರಿಕದ ಬ್ರೂಕ್ಸ್ ಬ್ರದರ್ಸ್ ಅಂಗಡಿಗಳಲ್ಲಿ ಮಾರಾಟವಾದ ಮದ್ರಾಸ್ ಚೌಕಳಿ ಬಟ್ಟೆ ಒಗೆದಾಗಲೆಲ್ಲ ಬಣ್ಣ ಬಿಟ್ಟು ಗಲಾಟೆಯಾಗಿತ್ತು. ಕೊನೆಗೆ ಬಣ್ಣ ಬಿಡುವುದೇ ಅದರ ಗುಣ ಎಂದು ಜಾಹೀರಾತು ಮಾಡಿ ಮಾರಿದರು, ಜನ ಮೆಚ್ಚಿ ಕೊಂಡರು. ಅದೇ ಚೌಕಳಿಯನ್ನು ಕತ್ತರಿಸಿ ಮತ್ತೆ ಜೋಡಿಸಿದ ಪ್ಯಾಚ್‌ವರ್ಕ್ ಮದ್ರಾಸ್ ಅಲ್ಲಿನ ಬೇಸಿಗೆ ಉಡುಪೂ ಆಯಿತು.

ಕ್ವಿಲ್ಟ್ ಎಂದರೆ ಅಮೆರಿಕದಿಂದ ಬಂದ ಹವ್ಯಾಸ ಎಂದು ಮೂಗು ಮುರಿಯುವವರಿಗೆ ನಾನು ಹೇಳಬೇಕೆಂದಿರುವುದು ಈ ಸಮುದ್ರ ದಂಡೆಯ ಕಥೆ. ಈಸ್ಟ್ ಇಂಡಿಯಾ ಕಂಪನಿಯ ಫ್ರಾನ್ಸಿಸ್ ಡೇ 1639ರಲ್ಲಿ ಮದ್ರಾಸಿನ ಮರಳು ದಂಡೆಯನ್ನು ಆರಿಸಿಕೊಂಡದ್ದಕ್ಕೆ ದೊಡ್ಡ ಕಾರಣ ಸುತ್ತಮುತ್ತ ಅಗ್ಗವಾಗಿ ಸಿಗುತ್ತಿದ್ದ ಹತ್ತಿ ಬಟ್ಟೆ. 1730ರ ದಶಕದಲ್ಲಿ ಇದೇ ಊರಿನ ಚಿಂತಾದ್ರಿಪೇಟೆ ಎದ್ದದ್ದೂ ನೇಕಾರರಿಗಾಗಿ. ಈ ಕೋರಮಂಡಲ ತೀರದಲ್ಲಿ ಕೈಯಿಂದ ಬರೆದು ಬಣ್ಣ ಕಟ್ಟಿದ ಚಿಂಟ್ಜ್ ಬಟ್ಟೆಗೆ ಯುರೋಪು ಎಷ್ಟು ಮರುಳಾಯಿತೆಂದರೆ, ತಮ್ಮ ನೇಕಾರರ ಹೊಟ್ಟೆಗೆ ಏಟು ಬೀಳುತ್ತದೆಂದು ಫ್ರಾನ್ಸ್ 1686ರಲ್ಲಿ, ಇಂಗ್ಲೆಂಡ್ 1700ರಲ್ಲಿ ಅದಕ್ಕೆ ನಿಷೇಧ ಹಾಕಬೇಕಾಯಿತು. ಆ ಬಟ್ಟೆ ಸಿಕ್ಕವರು ಒಂದು ಚೂರನ್ನೂ ಬಿಸಾಡಲಿಲ್ಲ. ಅದರ ಹೂ, ಹಕ್ಕಿ, ಬಳ್ಳಿಗಳನ್ನು ಕತ್ತರಿಸಿ ಬಿಳಿ ಬಟ್ಟೆಯ ಮೇಲಿಟ್ಟು ಸುತ್ತ ಹೊಲಿದು ಹೊದಿಕೆ ಮಾಡಿದರು. ಹದಿನೆಂಟು, ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡ್, ಅಮೆರಿಕಗಳ ಸಿರಿವಂತ ಮನೆಗಳ ಕ್ವಿಲ್ಟ್‌ಗಳಲ್ಲಿ ಅರಳಿರುವ ಎಷ್ಟೋ ಹೂಗಳ ತವರು ಈ ದಂಡೆ. ಇವತ್ತು ಜಾರ್ಜ್‌ಟೌನಿನ ಗೋಡೌನ್ ಸ್ಟ್ರೀಟಿನ ಸಗಟು ಅಂಗಡಿಗಳಲ್ಲಿ ಒಬ್ಬಾಕೆ ಕ್ವಿಲ್ಟ್‌ಗೆಂದು ಬಟ್ಟೆ ಆರಿಸುತ್ತಿದ್ದರೆ, ಹಡಗು ಹತ್ತಿ ಹೋದ ಕೆಲಸ ಊರಿಗೆ ಮರಳಿದೆ ಎಂದೇ ನಾನು ತಿಳಿಯುತ್ತೇನೆ.

ಬಟ್ಟೆಯ ಮೇಲೆ ಬಟ್ಟೆ ಹೊಲಿಯುವುದು ತಮಿಳುನಾಡಿಗೆ ಬೇರೆ ದಾರಿಯಲ್ಲೂ ಗೊತ್ತು. ತೇರಿಗೆ ಸುತ್ತಲೂ ಇಳಿಬಿಡುವ, ಕೊಳವೆಯಂತೆ ದುಂಡಗಿನ ತೊಂಬೈಗಳನ್ನು ನೋಡಿ. ಕೆಂಪು, ಹಳದಿ, ಬಿಳಿ ಬಟ್ಟೆಯ ತುಂಡುಗಳನ್ನು ಕತ್ತರಿಸಿ ಹೊಲಿದ ಆ ಕಲೆ ತಂಜಾವೂರು ಸೀಮೆಯದು. ಅದು ದೇವರ ತೇರಿನ ಕಲೆ. ಹಾಸಿಗೆಯ ಕಲೆಗೆ, ಕೂಸು ಮಲಗುವ ಬಟ್ಟೆಯ ಕಲೆಗೆ ನಮ್ಮ ಉತ್ತರ ಕರ್ನಾಟಕಕ್ಕೇ ಬರಬೇಕು.

ಬಿಜಾಪುರ, ಬಾಗಲಕೋಟೆ, ಧಾರವಾಡ ಕಡೆ ಬೆಳೆದವರಿಗೆ ಕೌದಿಯನ್ನು ಪರಿಚಯಿಸಬೇಕಿಲ್ಲ. ಸುಗ್ಗಿ ಮುಗಿದು ಬಿಸಿಲೇರಿದಾಗ ಅಟ್ಟದ ಗಂಟು ಕೆಳಗಿಳಿಯುತ್ತಿತ್ತು. ಸವೆದ ಇಳಕಲ್ ಸೀರೆ, ಅಜ್ಜನ ಧೋತರ, ಹರಿದ ಕುಪ್ಪಸ, ಮಕ್ಕಳ ಲಂಗ, ಎಲ್ಲವೂ ಅದರಲ್ಲಿ. ಅಂಗಳದಲ್ಲೋ ಗುಡಿಯ ಕಟ್ಟೆಯ ಮೇಲೋ ಹಾಸಿ, ಮೂಲೆಗೆ ಕಲ್ಲಿಟ್ಟು, ಸುಕ್ಕು ಬಿಡಿಸಿ, ಸುತ್ತ ಕೂತು ಹೊಲಿಯಬೇಕು. ನಡುವೆ ಬ್ಯಾಟಿಂಗ್ ಎಂಬುದಿಲ್ಲ. ಹಳೆ ಬಟ್ಟೆಯ ಪದರಗಳೇ ಮೆತ್ತೆ. ಹೊಲಿಗೆ ಅಂಚಿನಿಂದ ಹೊರಟು ಸಾಲು ಸಾಲಾಗಿ ಸುತ್ತುತ್ತ ನಡುವಿಗೆ ಬಂದು ಮುಗಿಯುತ್ತದೆ. ವರ್ಷಗಟ್ಟಲೆ ಹೊದ್ದು ಹರಿದರೆ ಅದರ ಮೇಲೆ ಇನ್ನೊಂದು ಪದರ ಹಾಕಿ ಹೊಲಿಯುವುದು. ಹೀಗಾಗಿ ಹಳೆಯ ಕೌದಿಯ ಒಳಗೆ ಇನ್ನೂ ಹಳೆಯ ಕೌದಿ ಇರುತ್ತದೆ, ಅದರೊಳಗೆ ಯಾರೂ ಕಣ್ಣಾರೆ ಕಾಣದ ಮುತ್ತಜ್ಜಿಯ ಸೀರೆ. ಮನೆಯವರೇ ಹೊಲಿಯುವುದಿತ್ತು, ಕೌದಿ ಹೊಲಿಯುವುದನ್ನೇ ಕಸುಬಾಗಿ ಮಾಡಿಕೊಂಡು ಓಣಿ ಓಣಿ ತಿರುಗುವ ಗೊಂದಲಿಗ ಸಮುದಾಯದ ಹೆಣ್ಣುಮಕ್ಕಳೂ ಇದ್ದರು. ಅವರ ಸೂಜಿ ಎಷ್ಟು ಸಮ ನಡೆಯುತ್ತಿತ್ತೆಂದರೆ ಗೆರೆ ಎಳೆಯುವ ಅಗತ್ಯವೇ ಬೀಳುತ್ತಿರಲಿಲ್ಲ. ಕೂಲಿಯಾಗಿ ಸಿಗುತ್ತಿದ್ದದ್ದು ಒಂದಿಷ್ಟು ಕಾಳು, ಒಂದು ಹಳೆ ಸೀರೆ, ಚೂರು ರೊಕ್ಕ.

ಉತ್ತರ ಕನ್ನಡದ ಕಾಡಂಚಿಗೆ ಬಂದರೆ ಇದೇ ಕೆಲಸಕ್ಕೆ ಇನ್ನೊಂದು ಮೈಬಣ್ಣ. ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲೂಕುಗಳ ಸಿದ್ದಿಯರು ಆಫ್ರಿಕಾ ಮೂಲದವರು. ಅವರ ಹೆಂಗಸರು ಹೊಲಿಯುವ ಕೌದಿಗೆ ಕವಂದಿ ಎನ್ನುತ್ತಾರೆ. ಹೊಲಿಗೆ ಮೂಲೆಯಿಂದ ಶುರು. ಕೊನೆಗೆ ನಾಲ್ಕೂ ಮೂಲೆಗೆ ಬಟ್ಟೆಯ ತುಂಡನ್ನು ಪದರ ಪದರವಾಗಿ ಮಡಚಿ ತ್ರಿಕೋನದ ‘ಫೂಲ’ ಹಚ್ಚುತ್ತಾರೆ. ಫೂಲ ಇಲ್ಲದ ಕವಂದಿ ಅವರ ಕಣ್ಣಿಗೆ ಬತ್ತಲೆ. ಕ್ರೈಸ್ತ ಸಿದ್ದಿಯರ ಕವಂದಿಯಲ್ಲಿ ಶಿಲುಬೆ, ಮುಸ್ಲಿಂ ಸಿದ್ದಿಯರದರಲ್ಲಿ ಚಂದ್ರ ಕಾಣಿಸಿಕೊಳ್ಳುವುದುಂಟು. ಆಫ್ರಿಕನ್ ಕಲೆಯ ವಿದ್ವಾಂಸ ಹೆನ್ರಿ ಡ್ರೂವಲ್ ಇವರ ನಡುವೆ ಕೆಲಸ ಮಾಡಿದರು. 2004ರಲ್ಲಿ ಸಿದ್ದಿ ಹೆಂಗಸರ ಕ್ವಿಲ್ಟ್ ಸಹಕಾರಿ ಸಂಘ ಹುಟ್ಟಿತು. 2011ರಲ್ಲಿ ಇವರ ಕವಂದಿಗಳು ಅಮೆರಿಕದ ಪ್ರದರ್ಶನಗಳ ಗೋಡೆಯೇರಿದವು. ಅಲಬಾಮಾದ ಗೀಸ್ ಬೆಂಡ್ ಎಂಬ ಹಳ್ಳಿಯ ಕಪ್ಪು ಹೆಂಗಸರ ಕ್ವಿಲ್ಟ್‌ಗಳು 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಮುಟ್ಟಿದ್ದನ್ನು ಬಲ್ಲವರು ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಸವೆದ ಬಟ್ಟೆ, ಅಳತೆಪಟ್ಟಿಯಿಲ್ಲದ ಧೈರ್ಯ, ಕಣ್ಣಿಗೆ ಹೊಡೆಯುವ ಬಣ್ಣ ಎರಡೂ ಕಡೆ ಇವೆ.

ಚೆನ್ನೈನ ಕೂಟಗಳಿಂದ ನಾವು ಕಲಿಯಬೇಕಾದದ್ದು ನನ್ನ ಮಟ್ಟಿಗೆ ಬಟ್ಟೆ ಕತ್ತರಿಸುವ ರೋಟರಿ ಕಟರ್ ಹಿಡಿಯುವ ಬಗೆಯನ್ನಲ್ಲ. ಕ್ವಿಲ್ಟ್ ಮುಗಿದ ಮೇಲೆ ಅದರ ಬೆನ್ನಿನ ಮೂಲೆಗೆ ಅವರು ಚಿಕ್ಕದೊಂದು ಬಟ್ಟೆಯ ಚೀಟಿ ಹೊಲಿಯುತ್ತಾರೆ. ಹೊಲಿದವರ ಹೆಸರು, ಊರು, ಇಸವಿ, ಯಾರಿಗಾಗಿ ಹೊಲಿದದ್ದು. ಜಗತ್ತಿನ ಎಷ್ಟೋ ಕ್ವಿಲ್ಟ್ ಬಳಗಗಳು ಇದನ್ನು ಹೊಸಬರಿಗೆ ಪಟ್ಟು ಹಿಡಿದು ಕಲಿಸುತ್ತವೆ. ಹೆಸರಿಲ್ಲದೆ ಉಳಿದುಹೋದ ಸಾವಿರಾರು ಹಳೆ ಕ್ವಿಲ್ಟ್‌ಗಳನ್ನು ನೋಡಿ ಬಂದ ಬುದ್ಧಿ ಅದು. ನಮ್ಮ ಕೌದಿಗಳಲ್ಲಿ ಎಷ್ಟಕ್ಕೆ ಇಂಥ ಚೀಟಿ ಇದೆ? ‘ಅವ್ವ ಹೊಲಿದದ್ದು’ ಎನ್ನುವ ನೆನಪು ಒಂದು ತಲೆಮಾರು ನಿಲ್ಲುತ್ತದೆ, ಮುಂದಿನವರಿಗೆ ಅದು ಬರೀ ಹಳೆ ಕೌದಿ. ಓಣಿಗೆ ಬಂದು ಹೊಲಿದು ಹೋದವಳ ಹೆಸರಂತೂ ಆ ದಿನವೂ ಯಾರೂ ಕೇಳಲಿಲ್ಲ. ಇವತ್ತು ಪಟ್ಟಣದ ಅಂಗಡಿಯಲ್ಲಿ ಕೌದಿ ಸಾವಿರಾರು ರೂಪಾಯಿಗೆ ಮಾರಾಟವಾಗುವಾಗಲೂ ಅದಕ್ಕೆ ತೂಗುವುದು ಹೆಚ್ಚಾಗಿ ಅಂಗಡಿಯ ಹೆಸರಿನ ಚೀಟಿಯೇ.

ನಗರದ ಕೂಟಗಳಲ್ಲೂ ಕೊರತೆ ಇದೆ. ಒಳ್ಳೆ ಮೆಷಿನ್, ಬ್ಯಾಟಿಂಗ್, ಆಯ್ದ ಬಟ್ಟೆ, ಬಿಡುವು, ಇಂಗ್ಲಿಷು ಇವೆಲ್ಲ ಇರುವವರೇ ಅಲ್ಲಿ ಹೆಚ್ಚು. ಆದರೆ ಅದನ್ನೇ ಹಿಡಿದು ಶ್ರೀಮಂತರ ಹೊತ್ತುಗಳೆಯುವಿಕೆ ಎಂದು ತಳ್ಳಿಹಾಕಿದರೆ ಅನ್ಯಾಯವಾಗುತ್ತದೆ. ಗಂಡ, ಮಕ್ಕಳು, ಅಡುಗೆ, ಆಫೀಸು ಇವುಗಳ ನಡುವೆ ಹೆಂಗಸರು ತಮ್ಮ ಕೈಯ ಕೆಲಸಕ್ಕಾಗಿಯೇ ಒಂದು ಇಡೀ ಮಧ್ಯಾಹ್ನ ಎತ್ತಿಡುವುದು, ಅದನ್ನು ಮತ್ತೊಬ್ಬರು ಕಣ್ಣಿಟ್ಟು ನೋಡುವುದು ಸಣ್ಣ ವಿಷಯವಲ್ಲ. ಗುಡಿಕಟ್ಟೆಯ ಮೇಲೆ ಕೌದಿ ಸುತ್ತ ಕೂತವರಿಗೂ ಬೇಕಾಗಿದ್ದದ್ದು ಅದೇ.

ಆದ್ದರಿಂದ ನನ್ನ ಕೇಳಿಕೆ ಇಷ್ಟು. ಚೆನ್ನೈನಲ್ಲಿ ಕನ್ನಡದವರು ಕಡಿಮೆಯಿಲ್ಲ, ಟಿ. ನಗರದಲ್ಲಿ ನಮ್ಮದೇ ಕರ್ನಾಟಕ ಸಂಘವಿದೆ. ಕ್ವಿಲ್ಟ್ ಹೊಲಿಯುವ ಅಲ್ಲಿನ ಬಳಗಗಳೂ ನಮ್ಮ ಸಂಘಗಳೂ ಕೈಜೋಡಿಸಿ ಬಾಗಲಕೋಟೆಯ ಕಡೆಯಿಂದ, ಹಳಿಯಾಳದಿಂದ ನಾಲ್ಕಾರು ಮಂದಿಯನ್ನು ಕರೆಸಲಿ. ಮಳಿಗೆಯಲ್ಲಿ ಕೂತು ಮಾರುವುದಕ್ಕಲ್ಲ, ಮೇಷ್ಟರಾಗಿ ಕಲಿಸುವುದಕ್ಕೆ. ಹೊರದೇಶದಿಂದ ಬರುವ ಕ್ವಿಲ್ಟ್ ಶಿಕ್ಷಕರಿಗೆ ಕೊಡುವ ದರದಲ್ಲೇ ಸಂಭಾವನೆ ಕೊಡಲಿ, ರೈಲು ಟಿಕೆಟ್ಟು, ಊಟ, ವಸತಿ ಬೇರೆ. ಅಸ್ತರಿನ ಮೂಲೆಗೆ ಹೆಸರಿನ ಚೀಟಿ ಹೊಲಿಯುವುದನ್ನು ಚೆನ್ನೈನವರು ಅವರಿಗೆ ತೋರಿಸಲಿ. ಬರೆಯಲು ಬಾರದವರಿದ್ದರೆ ಅವರು ಆರಿಸಿದ ಗುರುತನ್ನೇ ದಾರದಲ್ಲಿ ಹಾಕಿಕೊಳ್ಳಲಿ. ಆ ಚೀಟಿಯಲ್ಲಿ ಹೊಲಿಯಲು ಹಿಡಿದ ದಿನಗಳ ಸಂಖ್ಯೆಯೂ ಇರಲಿ, ಬೆಲೆ ಚೌಕಾಸಿ ಮಾಡುವವರು ಮೊದಲು ಅದನ್ನು ಓದಬೇಕು.